ಎಡಗೆನ್ನೆಯ ನೆರಳು

ಕಪಾಟಿನ ಬಾಗಿಲು ತೆರೆದ ಸೇವಂತಿ ಅಲ್ಲೇ ಕುಸಿದು ಕೂತರು. ಚಿನ್ನದ ಪವನಿನ ಸರ ಇರಲಿಲ್ಲ. ಅತ್ತೆಯ ಕಾಲದ ಸರ ಅದು. ಅಂದು ಸೇವಂತಿಯ ಎಪ್ಪತ್ತನೇ ಹುಟ್ಟುಹಬ್ಬ. ಸಂಜೆ ನೆಂಟರೆದುರು ಸೊಸೆ ಲಾವಣ್ಯಾಳ ಕೊರಳಿಗೆ ಅದನ್ನು ಹಾಕುವುದೆಂದು ಮಾತಾಗಿತ್ತು. ಗಂಡ ಕೊರಗಪ್ಪ ಹೊರಬಾಗಿಲಿಗೆ ಚಿಲಕ ಹಾಕಿದರು. ಯಾರೂ ಕದಲಬಾರದು ಎಂದರು. ಪೊಲೀಸರಿಗೆ ಫೋನ್ ಮಾಡಿದರು.

ಕಾಂದಿವಲಿಯ ಆ ಬಿಲ್ಡಿಂಗಿನ ಮೆಟ್ಟಿಲುಗಳನ್ನು ಸಬ್ ಇನ್ಸ್‌ಪೆಕ್ಟರ್ ಮುಸರತ ಓಡುತ್ತಲೇ ಹತ್ತಿದಳು. ಹುಟ್ಟಿ ಬೆಳೆದದ್ದು ವಿಕ್ರೋಳಿಯಲ್ಲಾದರೂ ಅವಳ ಮನೆಮಾತು ವಿಜಯಪುರದ ಕಡೆಯ ಕನ್ನಡ. ಕನ್ನಡದವರ ಮನೆ ಎಂದು ಸಾಹೇಬರು ಅವಳೊಬ್ಬಳನ್ನೇ ಕಳಿಸಿದ್ದರು. ಒಂಟಿಯಾಗಿ ಕೈಗೆ ಬಂದ ಮೊದಲ ಕೇಸು.

ಹಾಲ್‌ನಲ್ಲಿ ಪರದೆಗಳೆಲ್ಲ ಎಳೆದಿದ್ದವು. ನಡುವೆ ಒಂದು ಕುರ್ಚಿ, ಅದರ ಬಲಕ್ಕೆ ಛತ್ರಿಯಂತಹ ಫ್ಲ್ಯಾಶ್ ದೀಪ. ಹಿಂದೆ ದೂರದ ಮೂಲೆಯಲ್ಲಿ ಕನ್ನಡಿ ಬಾಗಿಲಿನ ಕಪಾಟು. ಬೀಗದಲ್ಲಿ ಕೀಲಿಕೈ ಹಾಗೇ ನೇತಾಡುತ್ತಿತ್ತು.

ಕೊರಗಪ್ಪ ಬೆರಳು ತೋರಿಸಿದ್ದು ಪಕ್ಕದ ಮನೆಯ ನಿಖಿತಾಳ ಕಡೆಗೆ. ಸೇವಂತಿಯ ಫೋಟೋ ತೆಗೆಯಲು ಬಂದವಳು ಅವಳು. "ಸರ ತೆಗೆದು ಕಪಾಟಿನಲ್ಲಿಡಿ ಅಂತ ಹೇಳಿದ್ದೇ ಇವಳು ಮಾರಾಯ್ರೇ. ಹೊರಗಿನವಳು ಅಂತ ಇದ್ದದ್ದು ಇವಳೊಬ್ಬಳೇ."

ನಿಖಿತಾಳ ಮುಖ ಬಿಳಿಚಿಕೊಂಡಿತ್ತು. ಬಾಗಿಲಾಚೆ ಬಿಲ್ಡಿಂಗಿನವರು ಗುಂಪುಗೂಡಿ ಪಿಸುಗುಟ್ಟುವುದು ಒಳಗೂ ಕೇಳಿಸುತ್ತಿತ್ತು. ಸರ ಯಾಕೆ ತೆಗೆಸಿದೆ ಎಂದು ಮುಸರತ ಕೇಳಿದಳು.

"ಚಿನ್ನ ಫ್ಲ್ಯಾಶ್‌ಗೆ ಬಹುತ್ ಚಮಕ್ತದೆ ಮೇಡಂ. ಹಿಂದೆ ಪೂರಾ ಕಪ್ಪು ಇದ್ರೆ ಮುಖ ಬಿಟ್ಟು ಅದೇ ಕಾಣ್ತದೆ."

ಮುಸರತ ಸುತ್ತ ನೋಡಿದಳು. ಕಪ್ಪು ಬಟ್ಟೆ ಎಲ್ಲೂ ಇರಲಿಲ್ಲ. ಗೋಡೆ ಕೆನೆ ಬಣ್ಣದ್ದು.

* * *

ಮುಸರತ ಕರೆಸಿದ ಪೇದೆಗಳು ಬಂದು ಎಲ್ಲರ ಚೀಲ, ಕಿಸೆ ಜಾಲಾಡಿದರು. ಸರ ಸಿಗಲಿಲ್ಲ. ನಿಖಿತಾಳನ್ನು ಠಾಣೆಗೆ ಒಯ್ಯಿರಿ ಎಂದು ಕೊರಗಪ್ಪ ಪಟ್ಟು ಹಿಡಿದರು. ಅವರ ತಂಗಿಯ ಮಗ ಮನೀಶ್ ಮಾವನನ್ನು ಸಮಾಧಾನ ಮಾಡುತ್ತಿದ್ದ.

ಮುಸರತ ಫೋಟೋ ತೋರಿಸಲು ಹೇಳಿದಳು. ನಿಖಿತಾ ಲ್ಯಾಪ್‌ಟಾಪ್ ತೆರೆದಳು. ಗಾಢ ಕತ್ತಲೆಯೊಳಗಿಂದ ಸೇವಂತಿಯ ಮುಖ ಒಂದೇ ಎದ್ದು ಬಂದಂತಿತ್ತು. ಹಿಂದೆ ಕಪ್ಪು ಬಟ್ಟೆ ಬೇಕಿಲ್ಲ ಎಂದಳು ನಿಖಿತಾ. ದೀಪ ಮುಖಕ್ಕೆ ಹತ್ತಿರ, ಗೋಡೆ ದೂರ. ಬೆಳಕು ಮುಖದ ಮೇಲೆ ಬಿದ್ದು ಅಲ್ಲೇ ಸೋತುಹೋಗುತ್ತದೆ, ಗೋಡೆಯವರೆಗೆ ಮುಟ್ಟುವುದಿಲ್ಲ. ಕ್ಯಾಮೆರಾಕ್ಕೆ ಹಿಂದಿನದೆಲ್ಲ ಕತ್ತಲೆಯೇ.

"ಅಲ್ಲಿ ಮಂದಿ ಅಡ್ಡಾಡಿದ್ರೂ ಕಾಣಂಗಿಲ್ಲೇನು?"

"ಇಲ್ಲ ಮೇಡಂ. ನಾನು ಮುಖಾನೇ ನೋಡ್ತಿದ್ದೆ."

ಹಾಡಹಗಲೇ, ಎಲ್ಲರ ಕಣ್ಣೆದುರೇ ಕಳ್ಳತನ ನಡೆದಿರಬಹುದು. ಯಾರು ಎಲ್ಲಿದ್ದಿರಿ ಎಂದು ವಿಚಾರಿಸಿದಳು. ಕೊರಗಪ್ಪ ನಿಖಿತಾಳ ಬೆನ್ನ ಹಿಂದಿನ ಸೋಫಾದಲ್ಲಿ, ಫೋನಿನಲ್ಲಿ ಮುಖ ಹುದುಗಿಸಿಕೊಂಡು. ಲಾವಣ್ಯಾ ಅಡುಗೆಮನೆಯಲ್ಲಿ, ಅವಳು ಕಪಾಟಿಗೆ ಹೋಗಬೇಕಾದರೆ ದೀಪಕ್ಕೆ ಅಡ್ಡ ಬರಲೇಬೇಕು. ಸೇವಂತಿಯ ಎಡಕ್ಕೆ, ಬಿಳಿ ಥರ್ಮೊಕೋಲ್ ಹಲಗೆ ಹಿಡಿದು ಮನೀಶ್. ತಾನು ನಿಂತಲ್ಲಿಂದ ಒಂದು ಚೂರೂ ಅಲುಗಲಿಲ್ಲ ಎಂದು ಅವನು ಎರಡು ಸಲ ಹೇಳಿದ.

ಕತ್ತಲೆಯನ್ನು ಬೆಳಗಿಸಲು ಆಗುತ್ತದೆಯೇ ಎಂದು ಮುಸರತ ಕೇಳಿದಳು. ನಿಖಿತಾ ಒಂದೊಂದೇ ಚಿತ್ರ ತೆರೆದು ನೆರಳಿನ ಭಾಗವನ್ನು ತಿಳಿಯಾಗಿಸುತ್ತಾ ಹೋದಳು. ಮಂಕಾದ ಗೋಡೆ, ಕಪಾಟಿನ ಅಂಚು, ಮತ್ತೇನೂ ಇಲ್ಲ. ಆಮೇಲೆ ಒಂದು ಚಿತ್ರದಲ್ಲಿ ಹೊಸದೊಂದು ಬಿಳಿ ಗೆರೆ ಮೂಡಿತು. ಮುಂದಿನದರಲ್ಲೂ ಇತ್ತು. ಅದರ ಮುಂದಿನದರಲ್ಲಿ ಮಾಯ.

ಮುಸರತ ಎದ್ದು ಹೋಗಿ ಕಪಾಟಿನ ಬಾಗಿಲು ಎಳೆದಳು. ಕನ್ನಡಿ ತಿರುಗಿ, ದೀಪ ನೇರ ಅದರಲ್ಲಿ ಕಂಡಿತು. ಬಿಳಿ ಗೆರೆ ಅದೇ, ಬಾಗಿಲು ತೆರೆದಿದ್ದಾಗ ಫ್ಲ್ಯಾಶ್ ಕನ್ನಡಿಯಲ್ಲಿ ಮಿಂಚಿದೆ. ಆದರೆ ತೆರೆದ ಕೈ ಯಾರದು?

ಅವಳು ಕತ್ತಲೆ ಬಿಟ್ಟು ಮುಖ ನೋಡಿದಳು. ಉಳಿದ ಚಿತ್ರಗಳಲ್ಲಿ ಸೇವಂತಿಯ ಎಡಗೆನ್ನೆಯ ಮೇಲೆ ತೆಳುವಾದ ಬೆಳಕಿತ್ತು. ಗೆರೆ ಇದ್ದ ಆ ಎರಡರಲ್ಲಿ ಮಾತ್ರ ಎಡಗೆನ್ನೆ ಕತ್ತಲೆಯಲ್ಲಿ ಮುಳುಗಿತ್ತು.

"ಈ ಗಲ್ಲಕ್ಕ ಬೆಳಕು ಎಲ್ಲಿಂದ ಬರ್ತದ?"

ನಿಖಿತಾಳ ಕಣ್ಣು ಗೋಡೆಗೆ ಒರಗಿಸಿದ್ದ ಥರ್ಮೊಕೋಲ್‌ನತ್ತ ಹೋಯಿತು. ದೀಪದ ಬೆಳಕನ್ನು ಗೆಲ್ಲಿಸಿ ಮುಖಕ್ಕೆ ಮರಳಿಸುವ ಆ ಬಿಳಿ ಹಲಗೆಯಿಂದ. ಹಲಗೆ ಹಿಡಿದವನು ಜಾಗ ಬಿಟ್ಟಿದ್ದ.

* * *

ಮುಸರತ ಲ್ಯಾಪ್‌ಟಾಪ್ ಮುಚ್ಚಿಸಿದಳು. ಸರ ಇನ್ನೂ ಸಿಕ್ಕಿರಲಿಲ್ಲ. ಹೇಳಿಕೆ ಕೊಡಲು ಎಲ್ಲರೂ ಠಾಣೆಗೆ ಬರಬೇಕೆಂದಳು. ತಾನು ಬೈಕಿನಲ್ಲಿ ಹಿಂದೆಯೇ ಬರುತ್ತೇನೆಂದು ಮನೀಶ್ ಮುಂದಾದ. ಚಪ್ಪಲಿ ಗೂಡಿನ ಮೇಲಿದ್ದ ಹೆಲ್ಮೆಟ್ ಎತ್ತಿಕೊಂಡ. ಪಟ್ಟಿ ಹಿಡಿದು ತೂಗಾಡಿಸಲಿಲ್ಲ. ತುಂಬಿದ ಪಾಯಸದ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದ.

"ಹೆಲ್ಮೆಟ್ ಇಲ್ಲಿ ಕೊಡ್ರಿ."

ಒಳಗಿನ ಮೆತ್ತೆ ಕಿತ್ತಾಗ ಪವನಿನ ಸರ ಅವಳ ಅಂಗೈಗೆ ಜಾರಿತು. ಫೋಟೋ ಮುಗಿದ ಗಡಿಬಿಡಿಯಲ್ಲಿ, ಸೇವಂತಿ ಕಪಾಟು ತೆರೆಯುವ ಮೊದಲೇ, ಮನೀಶ್ ಅದನ್ನಲ್ಲಿ ತುರುಕಿದ್ದ. ಮುಸರತ ಆ ಎರಡು ಚಿತ್ರಗಳನ್ನು ಮುಂದಿಟ್ಟು, ಗೆರೆಯನ್ನೂ ಕೆನ್ನೆಯನ್ನೂ ತೋರಿಸಿ, ನಡೆದದ್ದನ್ನು ಬಿಡಿಸಿ ಹೇಳಿದಳು. ಮನೀಶ್ ಮಾವನ ಕಡೆ ತಿರುಗಿದ.

"ಅಜ್ಜಿಯ ಸರ ಅದು. ನಮ್ಮಲ್ಲಿ ಮಗಳಿಗೆ ಬರಬೇಕಾದ್ದು. ನನ್ನ ಅಮ್ಮ ಇರುವಾಗ ಸೊಸೆಗೆ ಹೇಗೆ ಕೊಡ್ತೀರಿ?"

ಕೊರಗಪ್ಪ ಹೊರಬಾಗಿಲಿನತ್ತ ನೋಡಿದರು. ಕೊನೆಗೆ ಮುಸರತಳ ಹತ್ತಿರ ಬಂದು, ಸಿಕ್ಕಿತಲ್ಲ, ಮನೆಯ ವಿಷಯ, ಇಲ್ಲಿಗೇ ಬಿಡುವ ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡರು.

ಸೇವಂತಿ ಎದ್ದು ನಿಂತರು. "ಪಕ್ಕದ ಮನೆ ಹುಡುಗಿ ಕಳ್ಳಿ ಅನ್ನುವಾಗ ಅದು ಇಡೀ ಬಿಲ್ಡಿಂಗಿನ ವಿಷಯ ಆಗಿತ್ತು. ನಮ್ಮವನು ಅಂತ ಗೊತ್ತಾದ ಮೇಲೆ ಮನೆಯ ವಿಷಯವಾ? ದೂರು ಹಾಗೇ ಇರಲಿ. ಸರ ಯಾರಿಗೆ ಸೇರಬೇಕು ಅಂತ ಅವನಮ್ಮನನ್ನೇ ಕೂರಿಸಿ ಮಾತಾಡುವ."

ಕೊರಗಪ್ಪ ಚಿಲಕ ತೆಗೆದರು. ಮನೀಶನನ್ನು ಮುಂದಿಟ್ಟುಕೊಂಡು ಮುಸರತ ಹೊರಟಳು. ಗುಂಪು ಸರಿದು ದಾರಿ ಬಿಟ್ಟಿತು. ಹಿಂದೆ ಹೆಜ್ಜೆಯ ಸದ್ದು ಕೇಳಿ ತಿರುಗಿ ನೋಡಿದಳು. ಮಂಡಿನೋವೆಂದು ಲಿಫ್ಟ್ ಇಲ್ಲದ ಆ ಬಿಲ್ಡಿಂಗಿನಲ್ಲಿ ವಾರಗಟ್ಟಲೆ ಕೆಳಗಿಳಿಯದ ಸೇವಂತಿ ನಿಖಿತಾಳ ಕೈ ಹಿಡಿದು ಇಳಿಯುತ್ತಿದ್ದರು. ಪ್ರತಿ ಮಾಳಿಗೆಯಲ್ಲೂ ನಿಂತು, ಬಾಗಿಲಲ್ಲಿದ್ದವರಿಗೆ ಕೇಳುವಂತೆ, ಇವಳು ಕದ್ದಿಲ್ಲ ಎಂದು ಹೇಳಿಯೇ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಿದ್ದರು.