ತಿರುಗಣ್ಣನ ಕೋಟೆಯಲ್ಲಿ ಅಡಗಿದ ಬರಮ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಎದ್ದು ಓಡಾಡುತ್ತಿದ್ದ ಕಾಲದಲ್ಲಿ, ಏಳುಕೋಟೆ ಎಂಬ ರಾಜ್ಯವಿತ್ತು. ಅದರ ಏಳನೆಯ ಕೋಟೆಯಲ್ಲಿ ತಿರುಗಣ್ಣನೆಂಬ ಮಾಂತ್ರಿಕನಿದ್ದ. ಅವನ ಕಣ್ಣುಗಳು ಬುಗುರಿಯಂತೆ ಸುತ್ತುತ್ತಿದ್ದವು. ಅವನ ಹೆಸರು ಕೇಳಿದರೆ ರಾಜನೂ ಬೆವರುತ್ತಿದ್ದ. ಅವನು ಊರೂರಿಗೆ ಡಂಗುರ ಹೊಡೆಸಿದ್ದ: ನನ್ನ ಕೋಟೆಯಲ್ಲಿ ಮೂರು ದಿನ, ದಿನಕ್ಕೊಮ್ಮೆ ಅಡಗಿ, ಸಂಜೆಯ ಗಂಟೆ ಬಾರಿಸುವವರೆಗೆ ಸಿಗದೆ ಉಳಿದರೆ ಕೋಟೆ ಅವರದು. ಸೋತವರು ಯಾರೇ ಇರಲಿ, ಗೊರವಂಕ ಹಕ್ಕಿಯಾಗಿ ಪಂಜರ ಸೇರಬೇಕು.

ಪಂಜರಗಳು ನೂರಾದವು. ನೂರನೆಯದರಲ್ಲಿದ್ದವಳು ಎಮ್ಮೆ ಕಾಯುವ ಬರಮನ ಅಕ್ಕ ನೀಲವ್ವ.

ಬರಮನೆಂದರೆ ಸುತ್ತ ಹತ್ತೂರಲ್ಲಿ ಅಂಥ ಗಂಡಿಲ್ಲ. ಹಾಗೆಂದು ಹೇಳುತ್ತಿದ್ದವನು ಅವನೇ, ಅದು ಬೇರೆ ಮಾತು. ಕಣ್ಣಾಮುಚ್ಚಾಲೆಯಲ್ಲಿ ಅವನನ್ನು ಹಿಡಿದವರು ಹುಟ್ಟಿರಲಿಲ್ಲ. ಆಟ ಕಲಿಸಿದ್ದು ಮಾತ್ರ ಅಕ್ಕ. ಆ ಅಕ್ಕನನ್ನು ಬಿಡಿಸಿ ತರದೆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಮೀಸೆ ತಿರುವಿ ಹೊರಟ. ಮೀಸೆ ಇನ್ನೂ ಚಿಗುರುತ್ತಿತ್ತು.

ಕೋಟೆಯ ಬಾಗಿಲಲ್ಲಿ ಬಂಡಿಗಾತ್ರದ ಆಮೆಯೊಂದು ಕೂತಿತ್ತು. ಎಲ್ಲರೂ ಅದನ್ನು ಆಮೆಯಜ್ಜ ಅನ್ನುತ್ತಿದ್ದರು. ಆಟದ ನ್ಯಾಯ ಅದರದೇ, ಮಾಂತ್ರಿಕನೂ ಅದರ ಮಾತು ಮೀರುವಂತಿರಲಿಲ್ಲ. ಅಡಗಿದವರ ಪಾಲಿಗೆ ಆಮೆಯಜ್ಜ ಏಳು ಕವಡೆ ಎಸೆದು ಬಟ್ಟಲು ಮುಚ್ಚುತ್ತಿತ್ತು. ಬಾಯಿ ಮೇಲಾಗಿ ಬಿದ್ದವು ಹೆಚ್ಚಿದ್ದರೆ ಅಡಗಿದವನು ಕಾಣುವುದಿಲ್ಲ, ಬೋರಲು ಬಿದ್ದವು ಹೆಚ್ಚಿದ್ದರೆ ಕಾಣುತ್ತಾನೆ. ಮರೆ ಒಳ್ಳೆಯದಾಗಿದ್ದರೆ ಒಂದು ಬೋರಲು ಕವಡೆಯನ್ನು ಆಮೆಯಜ್ಜನೇ ತಿರುವಿ ಇಡುತ್ತಿತ್ತು.

ಬರಮ ಮೊದಲು ಪಂಜರದ ಹತ್ತಿರ ಹೋದ.

"ಏನಕ್ಕಾ, ನನಗೆ ಆಟ ಕಲಿಸಿದವಳು ನೀನೇ ಸಿಕ್ಕಿಬಿದ್ದೆಯಾ?"

"ನಗಬೇಡಲೇ. ಹುಡುಕುವವನ ಐದು ಹೆಜ್ಜೆ ದಾಟಿದ್ದೆ, ಆರನೇ ಹೆಜ್ಜೆಗೆ ಸಿಕ್ಕೆ. ತಾನಿಟ್ಟ ಹೆಜ್ಜೆಗೊಂದು ಸಲ ಕವಡೆ ಎಸಿ ಅಂತ ಆ ತಿರುಗಣ್ಣ ಮುದುಕ ಕೂಗುತ್ತಾನೆ. ಎಷ್ಟು ಸಲ ಗೆಲ್ಲೋದು?"

ಬರಮನ ಮೈ ಉರಿಯಿತು. ಅವರ ಊರಲ್ಲಿ ಎಮ್ಮೆ ಕಾಯುವ ಹುಡುಗರು ಕೂಡ ಹಾಗೆ ಆಡುತ್ತಿರಲಿಲ್ಲ. ನೂರು ಸಲ ಎಸೆದರೆ ಎಂಥವನೂ ಒಂದು ಸಲ ಸೋಲುತ್ತಾನೆ. ನೆಟ್ಟಗೆ ಆಮೆಯಜ್ಜನೆದುರು ನಿಂತು, ಒಂದು ಅಡಗುವಿಕೆಗೆ ಎಷ್ಟು ಸಲ ಕವಡೆ ಎಂದು ಕೇಳಿದ.

ಆಮೆಯಜ್ಜ ಕುತ್ತಿಗೆ ಹೊರಗೆ ಚಾಚಿತು. "ಒಂದೇ ಸಲ. ಅಡಗಿದವನು ತಾನಾಗಿ ಎದ್ದರೆ, ಕೂಗಿದರೆ, ಓಡಿದರೆ ಮಾತ್ರ ಇನ್ನೊಂದು ಸಲ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಜ್ಜಾ?"

"ಕೇಳದೆ ಹೇಳುವ ಹಾಗಿಲ್ಲ ಮಗನೇ. ಬಂದವರೆಲ್ಲ ಹೆದರಿಕೊಂಡೇ ಬಂದರು. ಯಾರೂ ಕೇಳಲಿಲ್ಲ."

ತಿರುಗಣ್ಣ ಹಲ್ಲು ಕಡಿದ. ಆದರೂ ಆಮೆಯಜ್ಜನ ಮಾತು ಮಾತೇ.

ಮೊದಲನೆಯ ದಿನ ಮಾಂತ್ರಿಕ ಬರಮನ ಮೇಲಿಂದ ಕಣ್ಣು ಕೀಳಲಿಲ್ಲ. ಕಣ್ಣೆದುರು ನಿಂತವನಿಗೆ ಕವಡೆ ಎಸೆಯುವುದಿಲ್ಲ ಎಂದಿತು ಆಮೆಯಜ್ಜ. ಬರಮನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ತನ್ನ ಬಗ್ಗೆ ತಾನೇ ಹೇಳಲು ಶುರುಮಾಡಿದ. ಕೋಣದ ಕೊಂಬು ಹಿಡಿದು ನೆಲಕ್ಕೆ ಕೆಡವಿದ್ದು, ಹೊಳೆಯನ್ನು ಒಂದೇ ಉಸಿರಿಗೆ ದಾಟಿದ್ದು, ಹದಿನಾರು ಮುದ್ದೆ ಉಂಡು ಹದಿನೇಳನೆಯದಕ್ಕೆ ಕೈಚಾಚಿದ್ದು. ಹೊತ್ತು ನೆತ್ತಿಗೆ ಬಂದರೂ ಮಾತು ಹದಿನೇಳನೆಯ ಮುದ್ದೆ ದಾಟಿ ಈಚೆ ಬರಲಿಲ್ಲ. ತಿರುಗಣ್ಣನಿಗೆ ಆಕಳಿಕೆ ಬಂತು. ಆಕಳಿಸುವಾಗ ಯಾವ ಮಾಂತ್ರಿಕನ ಕಣ್ಣಾದರೂ ಮುಚ್ಚಲೇಬೇಕು. ತೆರೆದು ನೋಡಿದರೆ ಬರಮನಿಲ್ಲ, ಹುಲ್ಲಿನ ಬಣವೆಯೊಳಗೆ ಸೇರಿಹೋಗಿದ್ದ. ಕವಡೆ ಬಿದ್ದವು. ಮಾಂತ್ರಿಕ ಬಣವೆಯ ಸುತ್ತ ಹತ್ತು ಸಲ ನಡೆದ. ಸಂಜೆಯ ಗಂಟೆ ಬಾರಿಸಿತು.

ಎರಡನೆಯ ದಿನ ತಿರುಗಣ್ಣ ತಾನು ಹುಡುಕಲಿಲ್ಲ, ಮೂರು ಮೂಗಿನ ಮಾಯಾನರಿಯನ್ನು ತರಲು ನೆಲಮಾಳಿಗೆಗೆ ಹೋದ. ನರಿ ಕುರುಡು, ಆದರೆ ಏಳು ಹರದಾರಿಯ ವಾಸನೆ ಅದರ ಮೂಗಿಗೆ ಬಡಿಯುತ್ತಿತ್ತು. ಗೋಡೆಯ ಮರೆ ಕಣ್ಣಿಗಾಯಿತು, ಮೂಗಿಗೆ ಬೇರೆ ಮರೆಯೇ ಬೇಕು ಎಂದು ಬರಮನಿಗೆ ಹೊಳೆಯಿತು. ಕೋಟೆಯ ಕೊಟ್ಟಿಗೆಗೆ ನುಗ್ಗಿ, ಅಡಿಯಿಂದ ಮುಡಿಯವರೆಗೆ ಸಗಣಿ ಬಳಿದುಕೊಂಡು, ಎರಡು ಎಮ್ಮೆಗಳ ನಡುವೆ ಮಲಗಿದ. ಕವಡೆ ಬಿದ್ದವು. ನರಿ ಬಂದು ಮೂಸಿತು. ಎಮ್ಮೆ, ಎಮ್ಮೆ, ನಡುವೆ ಇನ್ನೊಂದು ಎಮ್ಮೆ. ಅದು ಮುಂದೆ ಹೋಯಿತು. ಗಂಟೆ ಬಾರಿಸಿತು.

ಮೂರನೆಯ ದಿನ ತಿರುಗಣ್ಣ ಅವನನ್ನು ಬರಿಗೋಡೆಯ ದೊಡ್ಡ ಹಜಾರಕ್ಕೆ ಕರೆದೊಯ್ದ. ಕಂಬವಿಲ್ಲ, ಕಿಟಕಿಯಿಲ್ಲ, ಒಂದು ಮಣೆ ಕೂಡ ಇಲ್ಲ. ನೂರು ಪಂಜರಗಳು ಮೇಲೆ ಸೂರಿನಿಂದ ತೂಗುತ್ತಿದ್ದವು. ಮಾಂತ್ರಿಕ ಎರಡೂ ರೆಪ್ಪೆಗಳನ್ನು ಬೆರಳಿಂದ ಎತ್ತಿಹಿಡಿದು ನಿಂತ. ಬರಮ ಮೀಸೆಯ ಕಡೆ ಕೈ ಒಯ್ದ, ಅರ್ಧದಲ್ಲೇ ಬಿಟ್ಟ. ಮೇಲಿನಿಂದ ಅಕ್ಕ ನೋಡುತ್ತಿದ್ದಳು. ಸೋತರೆ ನೂರೊಂದನೆಯ ಪಂಜರ, ಅವಳನ್ನು ಬಿಡಿಸಲು ಬರುವವರು ಇನ್ನಾರೂ ಇಲ್ಲ.

ಆಗ ಬರಮ ಹುಟ್ಟಿದಾರಭ್ಯ ಯಾರಿಗೂ ಮಾಡದ ಕೆಲಸ ಮಾಡಿದ. ಬಾಗಿ ತಿರುಗಣ್ಣನ ಪಾದ ಮುಟ್ಟಿದ.

"ನೀವು ದೊಡ್ಡವರು, ಹರಸಿ," ಎಂದ.

ಏಳುಕೋಟೆಯಲ್ಲಿ ಪಾದ ಮುಟ್ಟಿದವನನ್ನು, ಹಗೆಯಾದರೂ ಸರಿ, ಹರಸದೆ ಬಿಡುವವರಿಲ್ಲ. ನೂರು ವರ್ಷದಲ್ಲಿ ಆ ಮುದುಕನಿಗೆ ಯಾರೂ ನಮಸ್ಕರಿಸಿರಲಿಲ್ಲ. ಅವನ ಎದೆ ಉಬ್ಬಿತು. ರೆಪ್ಪೆ ಬಿಟ್ಟು, ಗಡ್ಡ ಮೇಲೆತ್ತಿ, ಕಣ್ಣು ಮುಚ್ಚಿ, ಕೈ ಚಾಚಿ, "ನೂರು ಕಾಲ ಬಾಳು," ಎಂದ. ಅನ್ನುವಷ್ಟರಲ್ಲಿ ಬರಮ ಅವನ ನೆಲಗುಡಿಸುವ ನಿಲುವಂಗಿಯ ಹಿಂಬದಿಯೊಳಗೆ ತೂರಿ, ಅದರ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದ.

ಕವಡೆ ಗಲಗಲ ಬಿದ್ದವು. ಬಟ್ಟಲು ಮುಚ್ಚಿತು. ಬಿದ್ದದ್ದು ಏನೆಂದು ಬರಮನಿಗೆ ಗೊತ್ತಿಲ್ಲ, ಮಾಂತ್ರಿಕನಿಗೂ ಗೊತ್ತಿಲ್ಲ. ತಿರುಗಣ್ಣ ಹಜಾರದ ಉದ್ದಗಲಕ್ಕೆ ಓಡಿದ. ಬರಮ ಹಿಂದೆ ಎಳೆಸಿಕೊಂಡೇ ಹೋದ, ಮೊಣಕಾಲು ತರಚಿತು, ಚಕಾರ ಎತ್ತಲಿಲ್ಲ. ಇನ್ನೊಂದು ಸಲ ಎಸಿ ಎಂದು ಮಾಂತ್ರಿಕ ಕೂಗಿದಾಗ ಆಮೆಯಜ್ಜ, ಅವನು ತಾನಾಗಿ ಎದ್ದಿಲ್ಲ, ಕೂಗಿಲ್ಲ, ಓಡಿಲ್ಲ ಎಂದಿತು. ತನ್ನ ಅಂಗಿಯ ಭಾರವನ್ನು ಮಾಂತ್ರಿಕ ಮುಪ್ಪಿನ ಭಾರ ಅಂದುಕೊಂಡ.

ಗಂಟೆ ಬಾರಿಸಿತು.

ತಿರುಗಣ್ಣನ ಮೈಮೇಲೆ ಗರಿ ಮೂಡಿತು, ಮೂಗು ಹಳದಿ ಕೊಕ್ಕಾಯಿತು. ನೂರು ಪಂಜರಗಳು ತಾವಾಗಿ ತೆರೆದವು. ಹಕ್ಕಿಗಳು ನೆಲ ಮುಟ್ಟಿದಲ್ಲೆಲ್ಲ ಮನುಷ್ಯರು ಎದ್ದು ನಿಂತರು. ನೀಲವ್ವ ಮೊದಲು ತಮ್ಮನ ಮೊಣಕಾಲಿನ ರಕ್ತ ಒರೆಸಿದಳು, ಆಮೇಲೆ ಬಟ್ಟಲೆತ್ತಿ ನೋಡಿದಳು.

"ಬಾಯಿ ಮೇಲಾಗಿ ಮೂರೇ ಬಿದ್ದಿತ್ತಲ್ಲೋ, ಮೇಲಿಂದ ಕಂಡಿದ್ದೆ. ನಾಲ್ಕನೆಯದು ಅಜ್ಜ ತಿರುವಿಟ್ಟದ್ದು."

"ಆ ಮರೆ ಹುಡುಕಿದವನು ಯಾರು, ಅದನ್ನ ಹೇಳು," ಎಂದ ಬರಮ. ಈ ಸಲ ಮೀಸೆಯನ್ನು ಪೂರ್ತಿ ತಿರುವಿದ. ಅಕ್ಕ ಅವನ ತಲೆಗೆ ಒಂದು ಮೊಟಕಿ, ನೀನೇ ಕಣೋ, ಎಂದು ಒಪ್ಪಿಕೊಂಡಳು.

ಕೋಟೆ ಬರಮನದಾಯಿತು. ಅವನು ಅದರ ತುಂಬ ಎಮ್ಮೆ ಕಟ್ಟಿದ. ಏಳುಕೋಟೆಯವರು ಗಟ್ಟಿ ಮೊಸರು ಉಂಡು, ಹಗಲೆಲ್ಲ ಕಣ್ಣಾಮುಚ್ಚಾಲೆ ಆಡಿ, ಒಂದು ಅಡಗುವಿಕೆಗೆ ಒಂದೇ ಸಲ ಕವಡೆ ಎಸೆದು ತಣ್ಣಗೆ ಬಾಳಿದರು. ಅವರ ಹೊಟ್ಟೆ ತುಂಬಿತು, ನಮ್ಮ ಕತೆ ತುಂಬಿತು.