ಗೋಡೆಗೆ ಮುಖಮಾಡಿ ಕುಳಿತ ಪಿಟೀಲು

"ಮುಟ್ಟಬೇಡಿ! ದಮ್ಮಯ್ಯ ಅಂತೀನಿ, ಮುಟ್ಟಬೇಡಿ!"

ಬೇಕರಿಯ ಒಡತಿಯ ಕೂಗಿಗೆ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಗಾಜಿನ ಬಾಗಿಲೇ ನಡುಗಿತು. ಕುದಿಯುವ ಸಕ್ಕರೆ ಪಾಕ ಉಕ್ಕಿ ಅವಳ ಬಲಗೈಯನ್ನು ಮೊಣಕೈವರೆಗೂ ಸುಟ್ಟಿತ್ತು. ಗಾಯಕ್ಕಂಟಿದ ಪಟ್ಟಿಯನ್ನು ಬಿಚ್ಚಲೇಬೇಕು, ಬೆರಳುಗಳನ್ನು ದಿನವೂ ಬಿಡಿಸಲೇಬೇಕು. ಇಲ್ಲವಾದರೆ ಹಿಟ್ಟು ನಾದುವ ಆ ಕೈ ಮುದುಡಿದಂತೆಯೇ ಉಳಿದುಬಿಡುವುದು.

"ನೋವಿನ ಔಷಧಿ ಕೊಟ್ಟಿದ್ದೀನಿ ತಾಯಿ. ಉಳಿದಿದ್ದಕ್ಕೆ ಇವರಿದ್ದಾರೆ," ಎಂದರು ಹಿರಿಯ ನರ್ಸ್.

ರೋಗಿಗಳ ನೋವು ಮರೆಸಲು ಆಸ್ಪತ್ರೆಯಲ್ಲಿ ನುಡಿಸುವ ಯುವಕನೊಬ್ಬ ಪಿಟೀಲು ಹಿಡಿದು ಒಳಬಂದ. ಸ್ಟೂಲು ಎಳೆದುಕೊಂಡು, ಅವಳಿಗೆ ಬೆನ್ನು ಹಾಕಿ, ಗೋಡೆಗೆ ಮುಖಮಾಡಿ ಕುಳಿತ!

"ಇಲ್ಲಿ ನನ್ನ ಜೀವ ಹೋಗ್ತಿದೆ, ಇವರಿಗೆ ಗೋಡೆ ಮುಂದೆ ಕಛೇರಿ!"

"ಗೋಡೆ ಅರ್ಧಕ್ಕೇ ಎದ್ದು ಹೋಗಲ್ಲ ನೋಡಿ," ಎಂದ ಅವನು, ತಿರುಗದೆಯೇ.

ಕಮಾನು ತಂತಿಯ ಮೇಲೆ ಓಡತೊಡಗಿತು... ಅವಳ ಏದುಸಿರಿನಷ್ಟೇ ವೇಗವಾಗಿ. ಉಸಿರು ಮುಗ್ಗರಿಸಿದಲ್ಲೆಲ್ಲ ಸ್ವರವೂ ಮುಗ್ಗರಿಸಿತು.

'ಅಯ್ಯೋ, ಇದು ನಾನೇ!'

ಆಮೇಲೆ ಸ್ವರ ಎಳ್ಳಷ್ಟು ನಿಧಾನವಾಯಿತು. ಅವಳ ಎದೆ ಅದರ ಜಾಡು ಹಿಡಿಯಿತು. ಇನ್ನಷ್ಟು ನಿಧಾನ... ಮತ್ತಷ್ಟು... ನೋವು ಹೋಗಿರಲಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಆಡುವ ಮಾತಿನಂತೆ ದೂರ ಸರಿದಿತ್ತು.

"ಆಯ್ತಮ್ಮ, ಕೈ ಇಳಿಸು," ಎಂದರು ನರ್ಸ್.

"ಆಯ್ತಾ? ಪಟ್ಟಿ ಯಾವಾಗ ಬಿಚ್ಚಿದ್ರಿ?!"

ಅವಳು ಬೆರಗಾಗಿ ಆ ಬೆನ್ನನ್ನೇ ನೋಡಿದಳು. ಮುಟ್ಟದೆ, ನೋಡದೆ, ತನ್ನ ಎದೆಯೊಳಗೆ ನಡೆದು ಬಂದ ಇವನಾರು?

ದಿನಗಳು ಉರುಳಿದವು.

"ಪಿಟೀಲಯ್ಯ, ಒಂದ್ಸಲ ತಿರುಗಿದ್ರೆ ನಾನೇನು ಕಚ್ತೀನಾ?"

"ಪಾಕದಮ್ಮ, ಬಾಯಿಗೆ ಸ್ವಲ್ಪ ಬಿಡುವು ಕೊಡಿ. ಉಸಿರೇ ಕೇಳಿಸ್ತಿಲ್ಲ."

ಮುಖವನ್ನು ಸರಿಯಾಗಿ ಕಾಣುವ ಮೊದಲೇ ಆ ದನಿಗೆ ಅವಳು ಮನಸೋತಿದ್ದಳು.

ಒಂದು ದಿನ, ಬಿಗಿದಿದ್ದ ಬೆರಳನ್ನು ಬಿಡಿಸುವಾಗ ಅವಳು ಚೀರಿದಳು. ಅವನು ತಟ್ಟನೆ ತಿರುಗಿದ! ಕಮಾನು ದಿಕ್ಕೆಟ್ಟು ಓಡಿತು. ಅವಳ ಉಸಿರೂ ಅದರ ಹಿಂದೆ ಓಡಿತು, ನೋವು ಧಗ್ಗನೆ ಮೇಲೆದ್ದಿತು. ಬಿಳಿಚಿದ ಮುಖ ಹೊತ್ತು ಅವನು ಎದ್ದು ಹೊರಟೇಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನರ್ಸ್ ಮೊಬೈಲಿನಲ್ಲಿ ಹಾಕಿದ ಸಂಗೀತ ತನ್ನ ಪಾಡಿಗೆ ತಾನು ಹರಿಯಿತು. ಅವಳ ಉಸಿರಿಗಾಗಿ ಕಾಯಲಿಲ್ಲ.

'ನನ್ನ ಕೈ ನೋಡಿ ಹೇಸಿಕೊಂಡ...'

"ಬೆರಳು ಬಿಡಿಸೋದು ಸಾಕು ಸಿಸ್ಟರ್. ಹೀಗೇ ಇರ್ಲಿ."

"ಮತ್ತೆ ಹಿಟ್ಟು ನಾದೋರು ಯಾರು, ನಾನಾ? ನಾನು ಮಾಡಿದ ಬ್ರೆಡ್ಡಲ್ಲಿ ಗೋಡೆಗೆ ಮೊಳೆ ಹೊಡೀಬಹುದು!"

ಅವಳು ನಗಲಿಲ್ಲ. ಅಷ್ಟರಲ್ಲಿ ಮಕ್ಕಳ ವಾರ್ಡಿನ ಕಡೆಯಿಂದ ಪಿಟೀಲಿನ ದನಿ ತೇಲಿ ಬಂತು. ಅವಳು ದುಡುದುಡು ನಡೆದಳು. ಅವನು ವಾರ್ಡಿನಿಂದ ಹೊರಬರುತ್ತಿದ್ದಂತೆ ಶಾಲು ಸರಿಸಿ ಕೈ ಮುಂದೊಡ್ಡಿದಳು.

"ನೋಡಿ! ಕಣ್ತುಂಬ ನೋಡಿ. ಆಮೇಲೆ ಬೇಕಾದ್ರೆ ಓಡಿಹೋಗಿ!"

"ಕೈಗೆ ಹೆದರಿ ಓಡಿದೆ ಅಂದ್ಕೊಂಡ್ರಾ?" ಅವನು ಪಿಟೀಲು ಕೆಳಗಿಳಿಸಿದ. "ಅವತ್ತು ನಾನು ನೋಡಿದ್ದು ನಿಮ್ಮ ಕಣ್ಣೀರು. ನೋವು ಪಡೋರ ಮುಖ ನೋಡಿದ್ರೆ ನನ್ನ ಕೈ ತಾಳ ತಪ್ಪಿ ಓಡುತ್ತೆ, ಅದಕ್ಕೇ ಬೆನ್ನು ಹಾಕಿ ಕೂರೋದು. ಆದ್ರೆ ನಿಮ್ಮ ಮುಖ... ಕಣ್ಮುಚ್ಚಿದ್ರೂ ಕಾಣ್ಸುತ್ತೆ. ನಿಮ್ಮ ನೋವು ಹೆಚ್ಚು ಮಾಡಿದ್ದು ನಾನೇ. ಹೇಗೆ ಬರ್ಲಿ?"

ಅವಳ ಕೋಪವೆಲ್ಲ ಕರಗಿ ನೀರಾಯಿತು.

"ಬನ್ನಿ. ಇವತ್ತು ನನ್ನ ಎದುರಿಗೇ ಕೂತ್ಕೊಳ್ಳಿ."

"ಕೈ ತಪ್ಪಿದ್ರೆ?"

"ಇಷ್ಟು ದಿನ ನಾನು ನಿಮ್ಮ ಹಿಂದೆ ಬಂದೆ. ಇವತ್ತು ನೀವು ಬನ್ನಿ."

ಸ್ಟೂಲು ಮೊದಲ ಬಾರಿಗೆ ಅವಳತ್ತ ತಿರುಗಿತು. ನರ್ಸ್ ಬೆರಳು ಹಿಡಿದರು. ಅವನ ಕಮಾನು ನಡುಗಿತು. ನೋವು ಬೆನ್ನುಹುರಿಯವರೆಗೆ ಹರಿದರೂ ಅವಳು ಅವನ ಕಣ್ಣನ್ನೇ ನೋಡುತ್ತ, ಅವನಿಗಾಗಿ, ನಿಧಾನವಾಗಿ ಉಸಿರೆಳೆದುಕೊಂಡಳು... ನಿಧಾನವಾಗಿ ಬಿಟ್ಟಳು. ಕಮಾನು ಆ ಉಸಿರನ್ನು ಹುಡುಕಿತು, ಹಿಡಿಯಿತು, ನೆಮ್ಮದಿಯಿಂದ ಸಾಗಿತು. ಯಾರು ಯಾರನ್ನು ಸಂತೈಸುತ್ತಿದ್ದಾರೆ? ಇಷ್ಟು ವರ್ಷ ಆ ಕೋಣೆಯಲ್ಲಿ ದುಡಿದ ನರ್ಸಿಗೂ ತಿಳಿಯಲಿಲ್ಲ. ಅವರ ಕಣ್ಣೂ ತೇವಗೊಂಡಿತ್ತು.

ಮುದುಡಿದ್ದ ಬೆರಳುಗಳು, ಒಂದೊಂದಾಗಿ, ಬಿಚ್ಚಿಕೊಂಡವು.

"ನೋವಾಯ್ತಾ?" ಅವನ ದನಿ ಪಿಸುಗುಟ್ಟಿತು.

"ಆಯ್ತು. ನಿಮಗೆ?"

"ತುಂಬಾ."

ಅವಳು ಬಿಡಿಸಿದ ಕೈಯನ್ನು ಅವನತ್ತ ಚಾಚಿದಳು. "ಮೆಲ್ಲಗೆ ಹಿಡಿದ್ರೆ ಏನಾಗಲ್ಲ. ಬಿಡದೇ ಇದ್ರೆ ಇನ್ನೂ ಒಳ್ಳೇದು."

ಅವನು ಬೆರಳ ತುದಿಗೆ ಬೆರಳು ತಾಕಿಸಿ, ಕಲ್ಲಿನಂತೆ ಕುಳಿತುಬಿಟ್ಟ.

ಅವಳು ನಕ್ಕಳು.

"ಪಿಟೀಲಯ್ಯ... ಮೊದಲು ಉಸಿರಾಡಿ!"