ಇಂಗೆಬೋರ್ ಅತ್ತೆಯ ಎಲೆಹಾರ

ಅಪ್ಪನೂ ಅವನ ತಂಗಿ ಇಂಗೆಬೋರ್ ಅತ್ತೆಯೂ ಓಡೆನ್ಸೆ ಊರಿನಲ್ಲಿ ಹುಟ್ಟುಹಾಕಿದ, ಮನೆ ಕಟ್ಟಿ ಮಾರುವ ಕಂಪನಿಯ ಚರಿತ್ರೆ ಬರೆದವಳು ನಾನು. ಅತ್ತೆ ತೀರಿಕೊಂಡ ವಾರವೇ ಅಪ್ಪ, "ಅವಳ ಹೆಸರು ತೆಗಿಯೇ. ತೊಲೆಗೆ ಎಲೆಹಾರ ಕಟ್ತಿದ್ಳು, ಅಷ್ಟೇ ತಾನೇ?" ಎಂದ. ತೆಗೆದೆ.

ಮಾಡಿನ ತೊಲೆ ಏರಿದ ದಿನ ಹಾರ ಕಟ್ಟಿ ಬಡಗಿಗಳಿಗೆ ಉಣಿಸುವುದು ನಮ್ಮ ರೂಢಿ. ಅತ್ತೆ ಹೋದ ಮೇಲೆ ಕಟ್ಟಿದ ಮೊದಲ ಮನೆಗೆ ಅಪ್ಪ ಹಾರ ಬೇಡವೆಂದಿದ್ದ. ಊಟದ ನಡುವೆ ತಲೆಯೆತ್ತಿದರೆ, ತೊಲೆಯಲ್ಲಿ ಹಸಿ ಎಲೆಯ ಹಾರ! ಜೂನ್ ಬಿಸಿಲಲ್ಲೂ ಅದರ ಕೆಳಗೆ ಚಳಿಗಾಲದಂತೆ ನಮ್ಮ ಉಸಿರು ಹೊಗೆಯಾಡುತ್ತಿತ್ತು.

"ಯಾರ್ರೋ ಕಟ್ಟಿದ್ದು?" ಎಂದು ಅಪ್ಪ ಕೂಗಿದ.

"ನೀವೇ ಕಟ್ಟಿಸಿದ್ದು ಅಂದ್ಕೊಂಡ್ವಿ, ಯಜಮಾನ್ರೇ," ಎಂದ ಬಡಗಿ ಟೋರ್ಬೆನ್. ಬಿಚ್ಚಲು ಹತ್ತಿದವನು ಬರಿಗೈಯಲ್ಲಿ ಇಳಿದ. "ಎಡಗೈಯೋರು ಹಾಕಿದ ಗಂಟು. ಇನ್ನೂ ಬೆಚ್ಚಗಿದೆ."

ಅತ್ತೆ ಎಡಚಿ.

ಅತ್ತೆಯಿಲ್ಲದ ಪುಸ್ತಕ ಅಚ್ಚಾಗಿ ಮೂರು ವರ್ಷ. ಆ ಮನೆಯ ಅಟ್ಟದ ತೊಲೆಯಲ್ಲಿ ಹಾರದ ಎಲೆ ಇನ್ನೂ ಬಾಡಿಲ್ಲ.